ನನ್ನ ಮಗಳ ಅಂಗುಳದಲ್ಲಿ ಠಿಕಾಣಿ ಹೂಡಿರುವ ತಿರುಪಿಗೆ

ಮಾನ್ಯ ತಿರುಪು ಮಹಾಶಯರೇ,

ಎರಡೂ ಬದಿಯ ದವಡೆಹಲ್ಲುಗಳನ್ನು ಹಿಡಿದುಕೊಂಡು ನನ್ನ ಮಗಳ ಅಂಗುಳಕ್ಕೆ ಅಡ್ಡಲಾಗಿ ಪವಡಿಸಿರುವ ತಮಗೆ, ಮೂವತ್ತು ವರ್ಷದಿಂದ ಬಸ್ ನಿಲ್ದಾಣದ ಎದುರು ಬೀಗ ರಿಪೇರಿ ಮಾಡುತ್ತಿರುವ ನಾನು, ಮೊದಲಿಗೆ ಕೈಮುಗಿದು, ಆಮೇಲೆ ಹಲ್ಲು ಕಚ್ಚಿಕೊಂಡು ಬರೆದುಕೊಳ್ಳುವ ದೂರು ಏನೆಂದರೆ:

ಮಗಳಿಗೆ ಹದಿಮೂರು. ಮೇಲ್ದವಡೆ ಕಿರಿದಾಗಿ, ಅಗಿಯುವಾಗಲೆಲ್ಲ ಕೆಳದವಡೆ ಒಂದು ಪಕ್ಕಕ್ಕೆ ಜಾರುತ್ತಿತ್ತು. ಅಂಗುಳದ ನಡುವಿನ ಮೂಳೆಯ ಹೊಲಿಗೆ ಇನ್ನೂ ಪೂರ್ತಿ ಬೆಸೆದುಕೊಂಡಿಲ್ಲ, ತಡಮಾಡಿದರೆ ಆಪರೇಷನ್ನೇ ಗತಿ ಎಂದು ಹಲ್ಲಿನ ಡಾಕ್ಟರಮ್ಮ ದವಡೆ ಅಗಲಿಸಲು ತಮ್ಮನ್ನು ಅಲ್ಲಿ ಕೂರಿಸಿ, ಸಣ್ಣದೊಂದು ಕೀಲಿಯನ್ನು ನನ್ನ ಕೈಗಿತ್ತು, ತಮ್ಮ ನಡುವಿನ ತೂತಿಗೆ ಸಿಕ್ಕಿಸಿ ದಿನಕ್ಕೊಂದು ಸಲ ಗಂಟಲಿನ ಕಡೆಗೆ ತಿರುಗಿಸಬೇಕು ಎಂದರು. ಅವರು ಮುಂದಿನ ಮಾತು ಹೇಳುವ ಮೊದಲೇ, ಕೀಲಿಯ ವಿಷಯ ನನಗೇ ಹೇಳಿಕೊಡುತ್ತೀರಾ ಎಂದು ನಕ್ಕು ಎದ್ದುಬಂದೆ.

ತಾವು ಬಂದಂದಿನಿಂದ ಮಗಳ ಮಾತಿನಲ್ಲಿ ಜೊಲ್ಲಿನದೇ ಕಾರುಬಾರು. ಬೆಳಿಗ್ಗೆ ತಿಂದ ಬಿಸ್ಕತ್ತನ್ನು ತಾವು ಸಂಜೆಯವರೆಗೂ ಜೋಪಾನ ಮಾಡುತ್ತೀರಿ. ಅಷ್ಟು ನಂಬಿಕಸ್ಥ ತಿಜೋರಿಯನ್ನು ನನ್ನ ವೃತ್ತಿಯಲ್ಲೇ ಕಂಡಿಲ್ಲ. ಒಂದೂ ಗೋಡೆ ಕೆಡವದೆ ಒಳಗಿನಿಂದಲೇ ಜಾಗ ಮಾಡುವ ತಮ್ಮ ವಿದ್ಯೆಯನ್ನು ಮೆಚ್ಚಿ, ಬಿಡುವಾದಾಗ ನಮ್ಮ ಅಡುಗೆಮನೆಗೂ ನನ್ನ ಭಾವನ ಮನಸ್ಸಿಗೂ ದಿನಕ್ಕೆ ಕಾಲು ಮಿಲಿಮೀಟರ್‌ನಂತೆ ಸೇವೆ ಸಲ್ಲಿಸಬೇಕೆಂದು ಕೋರುತ್ತೇನೆ.

ಆದರೆ ಎರಡು ವಾರ ಕಳೆದರೂ, ದವಡೆ ಅಗಲವಾದದ್ದಕ್ಕೆ ಗುರುತಾಗಿ ಮುಂದಿನ ಹಲ್ಲುಗಳ ನಡುವೆ ಮೂಡಬೇಕಾದ ಸಂದು ಮೂಡಲಿಲ್ಲ. ಮಗಳು ದಿನವೂ ಕಣ್ಣು ಮುಚ್ಚಿ, ಮೂಗಿನ ಬುಡದವರೆಗೆ ಏರುವ ಬಿಗಿತ ಸಹಿಸಿಕೊಂಡು, "ಆಯ್ತಾ ಅಪ್ಪಾ?" ಎನ್ನುತ್ತಿದ್ದಳು, ನಾನು "ಆಯ್ತು ಕಂದಾ" ಎನ್ನುತ್ತಿದ್ದೆ. ತಮ್ಮನ್ನು ಸೋಮಾರಿ ಎಂದೆ, ಕಳಪೆ ಮಾಲು ಎಂದೆ. ಮಗಳನ್ನೂ ಬಿಡಲಿಲ್ಲ. "ಕದ್ದು ಚೂಯಿಂಗ್ ಗಮ್ ಅಗೀತಿದೀಯ ಅಲ್ವಾ?" ಎಂದು ಗದರಿದೆ. ಅವಳು ಅತ್ತಳು.

ಕೊನೆಗೆ ಡಾಕ್ಟರಮ್ಮ, "ಎಲ್ಲಿ, ನನ್ನ ಮುಂದೆ ಒಂದ್ಸಲ ತಿರುಗಿಸಿ ನೋಡೋಣ" ಎಂದರು. ತಿರುಗಿಸಿದೆ, ಕೀಲಿಯನ್ನು ಮತ್ತೆ ಮೊದಲಿನ ಜಾಗಕ್ಕೆ ತಂದು ಹೊರಗೆಳೆದೆ. ಬೀಗದಿಂದ ಕೀಲಿ ಬೇರೆ ಹೇಗೆ ಹೊರಬರುತ್ತದೆ? "ಹಿಂದಕ್ಕೆ ತರಬಾರದು, ತಿರುಗಿಸಿದಲ್ಲಿಂದಲೇ ಹೊರಗೆಳೀಬೇಕು" ಎಂದು ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. ಹದಿನಾಲ್ಕು ದಿನ ನಾನು ಮಗಳ ದವಡೆಯನ್ನು ತೆರೆದು, ತೆರೆದಷ್ಟೇ ಅಚ್ಚುಕಟ್ಟಾಗಿ ಮುಚ್ಚಿದ್ದೆ. ತಮ್ಮ ತೂತು ದಿನವೂ ಅದೇ ಜಾಗದಲ್ಲಿ ಕಾದಿರುವುದನ್ನು ಕಂಡು ಅದು ತಮ್ಮ ವಿನಯ ಎಂದುಕೊಂಡಿದ್ದೆ.

ಅಂದೇ ಕೀಲಿ ನನ್ನ ಕೈತಪ್ಪಿ ಅವಳ ಅಜ್ಜಿಯ ಕೈ ಸೇರಿತು. ಸೂಜಿಗೆ ದಾರ ಪೋಣಿಸಲಾಗದ ಆ ಕೈ ಹತ್ತೇ ದಿನದಲ್ಲಿ ಮೂಳೆಯ ಹೊಲಿಗೆ ಬಿಡಿಸಿತು. ಸಂದು ಮೂಡಿತು, ಕ್ರಮೇಣ ಅದು ತಾನಾಗಿಯೇ ಕೂಡಿಕೊಳ್ಳುತ್ತದಂತೆ. ಆಪರೇಷನ್ ತಪ್ಪಿತು. ಮಗಳು ಎಲ್ಲರೆದುರೂ ಹಲ್ಲು ಕಿರಿಯುತ್ತಾಳೆ, ನನ್ನೆದುರು ಮಾತ್ರ ಬಾಯಿ ಬಿಡುವುದಿಲ್ಲ. ಯಾವ ಬೀಗವೂ ನನ್ನನ್ನು ಇಷ್ಟು ಸತಾಯಿಸಿಲ್ಲ, ನನಗೆ ಬಹಳ ಸಂಕಟವಾಗಿದೆ. ಆದ್ದರಿಂದ ತಮ್ಮ ಮೇಲಿನ ಆರೋಪಗಳನ್ನೆಲ್ಲ ಹಿಂತೆಗೆದುಕೊಂಡು, ತಮ್ಮ ಕ್ಷಮೆ ಕೋರಿ, ಆ ಬಾಯಲ್ಲೇ ವಾಸವಿರುವ ತಾವು ನನ್ನ ಪರವಾಗಿ ಒಂದು ಮಾತು ಆಡಬೇಕೆಂದು ಬೇಡುವ,

ತಮ್ಮ ವಿಶ್ವಾಸಿ,
ಬೀಗ ರಿಪೇರಿಯವನು
(ಅನುಭವ: ಮೂವತ್ತು ವರ್ಷ, ಹದಿನಾಲ್ಕು ದಿನ ಕಳೆದು)

ತಾ.ಕ.: ಮೇಜಿನ ಮೇಲಿದ್ದ ಈ ಪತ್ರವನ್ನು ಮಗಳು ಓದಿ, ಅಂಚಿನಲ್ಲಿ ಕೆಂಪು ಪೆನ್ನಿನಿಂದ, "ಸಾರಿ ಕೇಳ್ಬೇಕಾಗಿರೋದು ನನ್ನ ಹತ್ರ, ತಿರುಪಿನ ಹತ್ರ ಅಲ್ಲ" ಎಂದು ಬರೆದಿಟ್ಟಿದ್ದಳು. ಕೇಳಿದೆ. ಇಂದು ತಮ್ಮ ಕೊನೆಯ ಸುತ್ತು. ಕೀಲಿಯನ್ನು ನನಗೇ ಕೊಟ್ಟಳು. ಕೊಟ್ಟು, ಅದು ಹೊರಗೆ ಬರುವವರೆಗೂ ನನ್ನ ಮಣಿಕಟ್ಟನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದಳು.