ಅಳದ ಮಗುವಿಗೆ ಮಾತ್ರ ಸೂಜಿ

ಚಾಮರಾಜಪೇಟೆಯ ಒಂದು ಮಕ್ಕಳ ಆಸ್ಪತ್ರೆಯಲ್ಲಿ ಕಳೆದ ಯುಗಾದಿಯಿಂದ ಇಂಜೆಕ್ಷನ್ ಸೂಜಿಗಳನ್ನು ಫಲಿತಾಂಶ ನೋಡಿ ಖರೀದಿಸಲಾಗುತ್ತಿದೆ. ಮೊದಲು ಕಂಪನಿ ಸೂಜಿ ಕೊಡುತ್ತಿತ್ತು, ಆಸ್ಪತ್ರೆ ದುಡ್ಡು ಕೊಡುತ್ತಿತ್ತು. ಇದು ತೀರಾ ಸುಲಭವಾಯಿತೆಂದು ಹೊಸ ಕರಾರು ಬಂತು. ಅದರ ಪ್ರಕಾರ ಇದು ನೋವಿಲ್ಲದ ಸೂಜಿ. ಚುಚ್ಚಿದಾಗ ಮಗು ಅಳದಿದ್ದರೆ ಮಾತ್ರ ಅದಕ್ಕೆ ಹಣ.

ಮೊದಲ ಬುಧವಾರ ನಲವತ್ತೊಂದು ಮಕ್ಕಳಿಗೆ ಚುಚ್ಚಲಾಯಿತು. ನಲವತ್ತೊಂದೂ ಅತ್ತವು. ಕಂಪನಿ ಇದನ್ನು ಗಂಭೀರವಾಗಿ ಪರಿಗಣಿಸಿ, ಸೂಜಿಯನ್ನು ಹಾಗೇ ಬಿಟ್ಟು, ಅಳುವಿನ ಅರ್ಥವನ್ನು ಬದಲಾಯಿಸಿತು. ಗೋಡೆಗೆ ಸುತ್ತೋಲೆ ಅಂಟಿಸಲಾಯಿತು:

"ಮುಖ ಸೊಟ್ಟ ಮಾಡುವುದನ್ನು ಅಳುವೆಂದು ಪರಿಗಣಿಸತಕ್ಕದ್ದಲ್ಲ. ಬಿಕ್ಕುವುದೂ ಅಷ್ಟೆ. ರಚ್ಚೆ ಹಿಡಿಯುವುದು ಸ್ವಭಾವ. ಕೋಣೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೇಳುವ ದನಿಯೊಂದೇ ಅಳು."

ಆದರೂ ಮಕ್ಕಳ ದನಿಯೇ ಜೋರಾಗಿತ್ತು. ಆದ್ದರಿಂದ ಕಂಪನಿ ತನ್ನ ಸೂಪರ್‌ವೈಸರ್ ನಂದಕುಮಾರ್ ಅವರನ್ನು ಸೂಜಿ ಪೆಟ್ಟಿಗೆಯ ಪಕ್ಕ ಕೂರಿಸಿತು. ಅಳುವ ಲಕ್ಷಣವಿರುವ ಮಕ್ಕಳನ್ನು ಅವರು ಬಾಗಿಲಲ್ಲೇ ಗುರುತಿಸಿ ವಾಪಸ್ ಕಳಿಸತೊಡಗಿದರು. ಚುಚ್ಚದ ಮಕ್ಕಳಲ್ಲಿ ಒಂದೂ ಅಳಲಿಲ್ಲ. ಇದು ಉತ್ತಮ ಫಲಿತಾಂಶವೆಂದು ದಾಖಲಾಯಿತು.

ಓಕಳಿಪುರದ ರಂಜಿನಿ ಒಂಬತ್ತು ತಿಂಗಳ ಮಗಳು ಆರಾಧನಾಳನ್ನು ಎತ್ತಿಕೊಂಡು, ಅತ್ತೆ ಸಿದ್ದಮ್ಮನ ಜೊತೆ ಬಂದದ್ದು ಮೂರನೇ ಸಲ. ದಡಾರದ ಚುಚ್ಚುಮದ್ದು ಬಾಕಿಯಿತ್ತು.

"ಮಗು ಅಳ್ತಾಳಾಮ್ಮ?" ನಂದಕುಮಾರ್ ಕೇಳಿದರು.

"ಒಂಬತ್ತು ತಿಂಗಳ ಕೂಸು ಸಾರ್. ಚುಚ್ಚಿದ್ರೆ ಅಳದೆ ಭಾಷಣ ಮಾಡ್ತಾಳಾ?"

"ಹಂಗಾದ್ರೆ ಸೂಜಿ ಬರಲ್ಲ. ಅಳೋದು ಬಿಟ್ಮೇಲೆ ಕರ್ಕೊಂಡ್ಬನ್ನಿ."

"ಯಾವಾಗ ಬಿಡ್ತಾಳೆ?"

"ಮೂರನೇ ಕ್ಲಾಸಿಗೆ ಬಿಡ್ಬಹುದು ಅಂತ ಹೆಡ್ ಆಫೀಸ್ ಅಂದಾಜು."

"ನಮ್ಮ ಬೀದೀಲಿ ಆಗ್ಲೇ ಎರಡು ಮಕ್ಕಳಿಗೆ ದಡಾರ ಬಂದಿದೆ. ಅದು ಮೂರನೇ ಕ್ಲಾಸ್ ತನಕ ಕಾಯುತ್ತಾ?"

"ದಡಾರ ನಮ್ಮ ಕರಾರಿನಲ್ಲಿಲ್ಲಮ್ಮ."

ಸಿದ್ದಮ್ಮ ಗೋಡೆಯ ಕಡೆ ಬೆರಳು ತೋರಿಸಿ, "ಅದೇನು ಬರ್ದವ್ರೆ, ಓದೇ" ಎಂದರು. ಸೊಸೆ ಓದಿದಳು. ಕೊನೆಯ ಸಾಲನ್ನು ಅತ್ತೆ ಎರಡು ಸಲ ಓದಿಸಿದರು.

"ಕೊಡಪ್ಪಾ ಸೂಜಿ. ಈ ಮಗು ಅಳಾಕಿಲ್ಲ. ನಾನು ಗ್ಯಾರಂಟಿ."

ಸಿಸ್ಟರ್ ಹರಿಣಾಕ್ಷಿ ಚುಚ್ಚಿದರು. ಮಗು ಬಾಯಿ ತೆರೆಯಿತು. ಅದೇ ಕ್ಷಣ ಸಿದ್ದಮ್ಮ ಎದೆ ಬಡಿದುಕೊಂಡು, "ಅಯ್ಯಯ್ಯೋ ನನ್ ಕಂದಾ! ಬೆಣ್ಣೆಯಂಥ ತೋಳು ತೂತು ಮಾಡ್ಬಿಟ್ರಲ್ಲೋ!" ಎಂದು ಗೋಳಿಟ್ಟರು. ರಸ್ತೆಯಲ್ಲಿ ಎರಡು ಆಟೋ ನಿಂತವು.

ನಂದಕುಮಾರ್ ಕಿವಿಗೊಟ್ಟು ಕೇಳಿ, ನಿಯಮಾನುಸಾರ ಬರೆದರು: "ಮಗು ಅಳಲಿಲ್ಲ. ಅಜ್ಜಿ ಕರಾರಿನ ವ್ಯಾಪ್ತಿಗೆ ಬರುವುದಿಲ್ಲ."

ಸಿದ್ದಮ್ಮ ಮೂಗೊರೆಸಿಕೊಂಡು, "ಆಯ್ತಲ್ಲ, ನಡಿಯೇ, ಬಸ್ಸು ಹೋಯ್ತದೆ" ಎಂದರು.

ಮುಂದಿನ ಬುಧವಾರ ಐವತ್ತಮೂರು ಮಕ್ಕಳು, ಐವತ್ತಮೂರು ಅಜ್ಜಿಯರು. ಒಂದು ಮಗುವೂ ಅಳಲಿಲ್ಲ. ಕಂಪನಿಗೆ ಪೂರ್ತಿ ಹಣ ಸಂದಾಯವಾಯಿತು. ಆಸ್ಪತ್ರೆಗೆ ಪ್ರಶಂಸಾಪತ್ರ ಬಂತು. ಬಾಗಿಲ ಬಳಿ ಬೆಂಚು ಹಾಕಿ, "ಅಳುವವರಿಗೆ ಮಾತ್ರ" ಎಂಬ ಫಲಕ ತೂಗುಹಾಕಲಾಯಿತು.

ಮೊನ್ನೆ ವೈಯಾಲಿಕಾವಲ್‌ನಿಂದ ಒಬ್ಬ ತಂದೆ ಮಗುವಿನೊಂದಿಗೆ ಒಬ್ಬನೇ ಬಂದ.

"ಅಳೋರೆಲ್ಲಿ?" ಸಿಸ್ಟರ್ ಕೇಳಿದರು.

"ಯಾರೂ ಇಲ್ಲ ಸಿಸ್ಟರ್. ಹೆಂಡ್ತಿ ಡ್ಯೂಟೀಲಿದಾಳೆ."

"ನೀವೇ ಅಳ್ತೀರಾ?"

ಅವನು ಗಂಟಲು ಸರಿಮಾಡಿಕೊಂಡ. "ಅಭ್ಯಾಸ ಇಲ್ಲ. ಟ್ರೈ ಮಾಡ್ತೀನಿ."

ಬೆಂಚಿನ ಅಜ್ಜಿಯರು ಸರಿದು ಕೂತು ಅವನಿಗೂ ಜಾಗ ಮಾಡಿಕೊಟ್ಟರು.