ಸಮಯ ಕೇಳಿದ ಮೂರು ವರ್ಷ

ನಗಬೇಕೆಂದು ಕೋರ್ಟಿಗೆ ಬರುವವರು ಯಾರೂ ಇಲ್ಲ. ಬರುವವರ ಮುಖ ನೋಡಿದರೆ ನಮಗೂ ನಗು ಬರುವುದಿಲ್ಲ. ಆದರೂ ಇಷ್ಟು ವರ್ಷ ಕರಿ ಕೋಟು ತೊಟ್ಟು ಓಡಾಡಿದ ನನಗೆ ವಾರಕ್ಕೊಂದಾದರೂ ನಗುವಂಥ ಪ್ರಸಂಗ ಎದುರಾಗದೆ ಬಿಟ್ಟಿಲ್ಲ. ಅರ್ಧಕ್ಕಿಂತ ಹೆಚ್ಚು ಸಲ ನಗೆಪಾಟಲಾದವನು ನಾನೇ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಕಾನೂನು ಓದಿದ್ದು ನನ್ನ ಆಸೆಯಿಂದಲ್ಲ, ಅವ್ವನ ಹಟದಿಂದ. ಯಲಬುರ್ಗಾ ತಾಲೂಕಿನ ನಮ್ಮೂರಿನಲ್ಲಿ ಎರಡು ಹೊಲಗಳ ನಡುವಿನ ಒಂದು ಬದುವಿನ ಸಲುವಾಗಿ ಅಪ್ಪ ಹದಿನೆಂಟು ವರ್ಷ ಕೋರ್ಟಿಗೆ ಅಲೆದಿದ್ದ. ಆ ಬದು ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಅಗಲವಿತ್ತು. ಕೇಸು ಸಾಕ್ಷಿ ಹಂತಕ್ಕೂ ಬರುವ ಮೊದಲೇ ಅಪ್ಪ ತೀರಿಕೊಂಡ. ಅಷ್ಟು ವರ್ಷಗಳಲ್ಲಿ ಅವನು ಕೋರ್ಟಿನೊಳಗೆ ಬಾಯಿ ಬಿಟ್ಟು ಆಡಿದ್ದು ಒಂದೇ ಮಾತು, "ಹಾಜರ ಅದೀನ್ರಿ." ದಿನಕರ್ಮ ಮುಗಿದ ಮೇಲೆ ಅವ್ವ ಬದುವನ್ನು ಪಕ್ಕದ ಹೊಲದವರಿಗೇ ಬಿಟ್ಟುಕೊಟ್ಟಳು. ನನ್ನನ್ನು ಮಾತ್ರ ಬಿಡಲಿಲ್ಲ.

"ನಿಮ್ಮಪ್ಪ ಅಲ್ಲಿ ಬಾಯಿ ಮುಚ್ಕೊಂಡು ನಿಂತು ನಿಂತು ಸತ್ತ. ನೀ ಅಲ್ಲಿ ನಿಂತು ಮಾತಾಡೂದು ನಾ ಒಮ್ಮೆ ಕೇಳಬೇಕು. ಆಮ್ಯಾಲ ನೀ ಏನರ ಮಾಡ್ಕೊ" ಅಂದಳು.

ನನ್ನ ಬಿ.ಎ. ಮುಗಿದಿತ್ತು. 1997ರಲ್ಲಿ ಮೂರು ವರ್ಷದ ಕಾನೂನು ಓದಿಗೆ ಸೇರಿದೆ.

ಹವಾಲ್ದಾರರ ವಕೀಲಿಕೆ

ಕಾಲೇಜು ಇದ್ದದ್ದು ಬೇರೆ ಊರಿನಲ್ಲಿ. ಕೊಪ್ಪಳದಿಂದ ರೈಲಿನಲ್ಲಿ ಹೋಗಿ ಬರಬೇಕು. ನಮ್ಮ ತರಗತಿಯಲ್ಲಿ ನನ್ನಂಥ ಹುಡುಗರು ಕಡಿಮೆ. ಸಾಲಿ ಮಾಸ್ತರು, ಕರೆಂಟಿನ ಲೈನ್‌ಮನ್, ಕಂದಾಯ ಇಲಾಖೆಯಿಂದ ನಿವೃತ್ತರಾದವರು, ಹೀಗೆ ಜಗತ್ತು ಕಂಡವರೇ ಹೆಚ್ಚು. ಅವರಲ್ಲೊಬ್ಬರು ಪೊಲೀಸ್ ಹವಾಲ್ದಾರರು. ನಿವೃತ್ತಿಯಾದ ಮೇಲೆ ವಕೀಲರಾಗಬೇಕೆಂಬುದು ಅವರ ಲೆಕ್ಕಾಚಾರ. ಅರ್ಧ ಜೀವನ ಜನರನ್ನು ಒಳಗೆ ಹಾಕಿದ್ದಾಗಿದೆ, ಉಳಿದರ್ಧ ಹೊರಗೆ ತರುತ್ತೇನೆ ಎಂದು ಹೇಳಿಕೊಳ್ಳುತ್ತಿದ್ದರು.

ಕೊನೆಯ ವರ್ಷ ನಮಗೆ ಅಣಕು ನ್ಯಾಯಾಲಯ ಇತ್ತು. ವಿದ್ಯಾರ್ಥಿಗಳೇ ವಕೀಲರು, ಸಾಕ್ಷಿಗಳು, ಆರೋಪಿ. ಅಧ್ಯಾಪಕರು ನ್ಯಾಯಾಧೀಶರು. ಎಮ್ಮೆ ಕಳ್ಳತನದ ಕೇಸು. ಸಣ್ಣ ಮೈಕಟ್ಟಿನ ಸಾಲಿ ಮಾಸ್ತರೊಬ್ಬರು ಆರೋಪಿ. ಅವರ ಪರ ವಾದಿಸುವ ಪಾಳಿ ಹವಾಲ್ದಾರರದು. ಪಾಪ, ಅವರು ಹದಿನೈದು ದಿನ ಕೂತು ತಯಾರಿ ಮಾಡಿದ್ದರು.

ಆರೋಪಿ ಕಟಕಟೆ ಹತ್ತಿದ. ಹವಾಲ್ದಾರರು ಎದ್ದು, ಅಂಗಿಯ ತೋಳು ಮೇಲೇರಿಸಿ, ಅವನ ಹತ್ತಿರ ಹೋಗಿ ನಿಂತರು. ಇಪ್ಪತ್ತೈದು ವರ್ಷದ ರೂಢಿ ಎಲ್ಲಿ ಹೋಗಬೇಕು?

"ಏ, ಎತ್ತ ನೋಡ್ತಿ? ನನ್ನ ಮಾರಿ ನೋಡು. ಎಮ್ಮಿ ಎಲ್ಲಿ ಕಟ್ಟಿ?"

ಮಾಸ್ತರು ಬಿಳಿಚಿಕೊಂಡರು. "ಸಂತಿಯಾಗ ಮಾರೀನ್ರಿ" ಅಂದುಬಿಟ್ಟರು. ನಮ್ಮ ಪುಸ್ತಕದ ಕಥೆಯಲ್ಲಿ ಸಂತೆಯ ಪ್ರಸ್ತಾಪವೇ ಇರಲಿಲ್ಲ.

ಒಂದು ತಾಸಿನ ಕಲಾಪ ನಾಲ್ಕು ನಿಮಿಷದಲ್ಲಿ ಮುಗಿಯಿತು. ಅಧ್ಯಾಪಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಹವಾಲ್ದಾರ್ರ, ಸರಕಾರಿ ವಕೀಲರ ಪಾಳಿ ಇನ್ನೂ ಬಂದಿಲ್ರಿ. ಅವರಿಗೂ ಏನರ ಉಳಿಸ್ರಿ" ಅಂದರು.

ಕೋಟಿಗೆ ಬಂದ ಆಯೇರಿ

ಪಾಸಾದ ಮೇಲೆ ಬೆಂಗಳೂರಿಗೆ ಹೋಗಿ ಸನ್ನದು ಪಡೆಯಬೇಕು. ಸನ್ನದು ಇಲ್ಲದವನು ಎಷ್ಟು ಓದಿದ್ದರೂ ವಕೀಲನಲ್ಲ. ಅದಕ್ಕೆ ಕರಿ ಕೋಟು ಬೇಕಿತ್ತು. ಅವ್ವ ನನ್ನನ್ನು ನಮ್ಮೂರಿನ ದರ್ಜಿಯ ಹತ್ತಿರವೇ ಕರೆದುಕೊಂಡು ಹೋದಳು. ಅವನು ಅಲ್ಲಿಯವರೆಗೆ ಹೊಲಿದದ್ದು ಮದುಮಕ್ಕಳ ಕೋಟು ಮಾತ್ರ. ಅಳತೆ ತೆಗೆದುಕೊಂಡ, ನಮ್ಮನ್ನೇನೂ ಕೇಳಲಿಲ್ಲ. ಸಂಜೆಯೊಳಗೆ ನನ್ನ ಲಗ್ನದ ಸುದ್ದಿ ಊರು ದಾಟಿತು.

ಮೂರನೆಯ ದಿನ ಕುಷ್ಟಗಿ ಕಡೆಯ ಹಳ್ಳಿಯಿಂದ ಸೋದರಮಾವ ಬಂದ. ಬಗಲಲ್ಲಿ ಗಂಟು, ಮುಖದಲ್ಲಿ ಸಿಟ್ಟು. "ಅಕ್ಕಾ, ಸೋದರಮಾವಗ ಒಂದ್ ಮಾತು ಹೇಳ್ದ ಲಗ್ನ ಹಿಡ್ದೀಯಲ್ಲ" ಅಂತ ಬಾಗಿಲಲ್ಲೇ ನಿಂತ.

ಅವ್ವ ಇದ್ದದ್ದನ್ನು ಹೇಳಿದಳು. ಮಾವ ಕೂತು ನೀರು ಕುಡಿದ. ಆದರೆ ಗಂಟಿನಲ್ಲಿ ಲಗ್ನಕ್ಕೆ ಮುಯ್ಯಿ ಮಾಡುವ ಆಯೇರಿ ಬಟ್ಟೆ ಇತ್ತು: ನನಗೆ ಟವೆಲ್ಲು, ಟೋಪಿ, ಅವ್ವನಿಗೆ ಸೀರೆ, ಕುಬಸದ ಕಣ. ಮುಯ್ಯಿಗೆಂದು ಮನೆ ದಾಟಿಸಿದ ಬಟ್ಟೆಯನ್ನು ತಿರುಗಿ ಮನೆಯೊಳಗೆ ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ.

"ಈಗ ಇದನ್ನ ಏನ್ ಮಾಡ್ಲಿ?" ಅಂದ ಮಾವ.

"ಲಗ್ನ ಆದಾಗ ಕೊಡಂತಿ, ಇಲ್ಲೇ ಇಡು" ಅಂದಳು ಅವ್ವ.

"ಯಾವಾಗ ಆಗ್ತದೋ ಏನೋ. ವಕೀಲಿಕಿಗೇ ಮಾಡಿಬಿಡ್ತೀನಿ. ಮಣಿ ಹಾಕು."

ಮಣೆಯ ಮೇಲೆ ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಹಣೆಗೆ ಕುಂಕುಮ, ತಲೆಗೆ ಟೋಪಿ, ಹೆಗಲಿಗೆ ಟವೆಲ್ಲು. ನೆರೆಯ ಹೆಂಗಸರು ಬಂದು ಆರತಿ ಎತ್ತಿದರು. ಹಾಡು ಯಾವುದು ಹಾಡಬೇಕೆಂದು ಅವರಿಗೆ ತಿಳಿಯದೆ ಮದುವೆಯ ಹಾಡನ್ನೇ ಹಾಡಿ, ಹೆಣ್ಣಿನ ಹೆಸರು ಬರುವಲ್ಲಿ ಗುನುಗಿ ಮುಂದೆ ಹೋದರು. ಅವ್ವ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೆ ನಾಚಿಕೆಯೂ ಆಗುತ್ತಿತ್ತು, ಅಪ್ಪ ಇರಬೇಕಿತ್ತು ಅಂತಲೂ ಅನಿಸುತ್ತಿತ್ತು.

ಮುಯ್ಯಿ ಅಂದಮೇಲೆ ತೀರಿಸಲೇಬೇಕಲ್ಲ. ಎರಡು ವರ್ಷದ ಮೇಲೆ ಮಾವನ ಮಗ ಬಸ್ ಕಂಡಕ್ಟರ್ ಆದ. ಅವ್ವ ಅಷ್ಟೇ ಬೆಲೆಯ ಟವೆಲ್ಲು ಟೋಪಿ ಕಟ್ಟಿಕೊಂಡು ಹೋಗಿ, ಅವನನ್ನು ಟಿಕೆಟ್ ಚೀಲದ ಸಮೇತ ಮಣೆಯ ಮೇಲೆ ಕೂರಿಸಿ ಬಂದಳು.

ಬಾಯಿ ಇಲ್ಲದ ಗೊಂಬೆ

ಸನ್ನದು ಸಿಕ್ಕಿತು. ಕೊಪ್ಪಳದಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರಿದೆ. ಓದುವುದು ಮುಗಿದ ಮೇಲೆ ಕಲಿಯುವುದು ಶುರುವಾಗುತ್ತದೆ ಅಂತ ಅಲ್ಲಿ ಗೊತ್ತಾಯಿತು. ನನ್ನ ಗುರು ಹಿರಿಯರಲ್ಲ, ಅವರ ಗುಮಾಸ್ತ. ಆತ ಕಲಿತದ್ದು ಏಳನೇ ಇಯತ್ತೆ, ಆದರೆ ಕೋರ್ಟಿನ ಕಾಗದ ಆತನ ಕೈ ದಾಟದೆ ಒಳಗೆ ಹೋಗುತ್ತಿರಲಿಲ್ಲ. ಮೊದಲ ದಿನವೇ ನನಗೆ ಸೂಜಿ ದಾರ ಕೊಟ್ಟು, "ಫೈಲ್ ಹೊಲೀರಿ ಸಾಹೇಬ್ರ" ಅಂದ. ಸಾಹೇಬ್ರ ಎಂದು ಕರೆದು ಕೆಲಸ ಹೇಳುವ ವಿದ್ಯೆಯನ್ನು ನಾನು ಆತನಿಂದಲೇ ಕಲಿತೆ.

ಕೋರ್ಟಿನಲ್ಲಿ ನನಗೆ ಒಪ್ಪಿಸಿದ ವಾಕ್ಯ ಒಂದೇ: "ಹಿರಿಯ ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ, ಸಮಯ ಕೊಡಬೇಕು ಸ್ವಾಮಿ." ಹಿರಿಯರು ಒಮ್ಮೆ ಗಂಗಾವತಿ ಕೋರ್ಟಿನಲ್ಲಿರುತ್ತಿದ್ದರು, ಒಮ್ಮೆ ಎದುರಿನ ಚಹಾದಂಗಡಿಯಲ್ಲಿ. ವಾಕ್ಯ ಬದಲಾಗುತ್ತಿರಲಿಲ್ಲ. ಮೂರು ವರ್ಷ ಅದನ್ನೇ ಹೇಳಿದೆ.

ನಮ್ಮ ಕಕ್ಷಿದಾರರಲ್ಲಿ ಕಿನ್ನಾಳದ ಒಬ್ಬ ಗೊಂಬೆ ಮಾಡುವವರಿದ್ದರು. ಅಣ್ಣತಮ್ಮಂದಿರ ಪಾಲಿನ ಕೇಸು. ಮಾತು ಕಡಿಮೆ, ತಾರೀಖು ಬಂದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ಕೂತು ನಮ್ಮನ್ನು ನೋಡುತ್ತಿದ್ದರು. ಕೇಸು ರಾಜಿಯಾದ ದಿನ ಒಂದು ರಟ್ಟಿನ ಡಬ್ಬಿ ತಂದರು. ಒಳಗೆ ಎರಡು ಮರದ ಗೊಂಬೆ. ದೊಡ್ಡದು ನಮ್ಮ ಹಿರಿಯರು: ಬೊಜ್ಜು, ಕಿವಿಯ ಮೇಲಿನ ಕೂದಲು, ಎತ್ತಿದ ಬೆರಳು, ತೆರೆದ ಬಾಯಿ, ಎಲ್ಲ ಇದ್ದಂತೆ. ಸಣ್ಣದು ಎರಡೂ ಕೈಯಲ್ಲಿ ಫೈಲು ಹಿಡಿದು ನಿಂತ ನಾನು. ಮೂಗು, ಹುಬ್ಬು, ಕೋಟಿನ ಗುಂಡಿ ಕೂಡ ಚಂದ ಬರೆದಿದ್ದರು. ಮೂಗಿನ ಕೆಳಗೆ ಏನೂ ಇರಲಿಲ್ಲ.

"ಬಾಯಿ ಬರಿಯೂದು ಮರ್ತೀರೇನ್ರಿ?" ಅಂದೆ.

"ಇಲ್ರಿ. ನೋಡಿದ್ದಷ್ಟ ಮಾಡ್ತೀನ್ರಿ ನಾ" ಅಂದರು ಅವರು. ತಮಾಷೆಗಲ್ಲ, ಕಸುಬಿನ ಮಾತಾಗಿ ಹೇಳಿದರು.

ಅವ್ವ ಬಂದ ದಿನ

ಅವ್ವ ಕೇಳುತ್ತಲೇ ಇದ್ದಳು, "ನಾ ಯಾವಾಗ ಬರ್ಲಿ?" ಇವತ್ತು ಬೇಡ, ನಾಳೆ ಬೇಡ ಅಂತ ನಾನು ಮುಂದೂಡುತ್ತಲೇ ಇದ್ದೆ. ಅವ್ವನಿಗೂ ತಾರೀಖು ಕೊಡುವುದು ನನಗೆ ರೂಢಿಯಾಗಿತ್ತು. ಕಡೆಗೆ ಒಂದು ದಿನ ಹೇಳದೆ ಬಂದೇಬಿಟ್ಟಳು. ನಾನು ಕೋರ್ಟಿನಲ್ಲಿ ತಲೆ ಎತ್ತಿ ನೋಡಿದರೆ ಹಿಂದಿನ ಬೆಂಚಿನಲ್ಲಿ ಮಾವ ತಂದಿದ್ದ ಆಯೇರಿ ಸೀರೆ ಉಟ್ಟು ಕೂತಿದ್ದಾಳೆ.

ಅವಳ ಪಕ್ಕದಲ್ಲಿ ಒಬ್ಬ ಅಜ್ಜ. ಹೊಲಕ್ಕೆ ಹೋಗುವ ದಾರಿಯೊಂದರ ಕೇಸಿನಲ್ಲಿ ಎದುರು ಪಕ್ಷದ ಸಾಕ್ಷಿದಾರ. ಅವನ ಹೇಳಿಕೆ ಆಗಿಹೋಗಿತ್ತು, ನಮ್ಮ ಹಿರಿಯರು ಪಾಟೀಸವಾಲು ಮಾಡುವುದು ಉಳಿದಿತ್ತು. ಅಜ್ಜ ಈಗ ಕನಕಗಿರಿಯಲ್ಲಿ ಮಗಳ ಮನೆಯಲ್ಲಿದ್ದ. ಅಲ್ಲಿಂದ ಎರಡು ಬಸ್ಸು ಬದಲಿಸಿ ಬರಬೇಕು.

"ಮುಂಜಾನಿ ಏನರ ತಿಂದ್ ಬಂದೀರಿಲ್ಲೋ?" ಅಂತ ಅವ್ವ ಅವನನ್ನು ಕೇಳುವುದು ನನಗೆ ಕೇಳಿಸಿತು. ಆಮೇಲೆ ತನ್ನ ಗಂಟು ಬಿಚ್ಚಿ ರೊಟ್ಟಿ ಕೊಟ್ಟಳು. ಜವಾನ ಬಂದು ಇಬ್ಬರನ್ನೂ ಗದರಿ ಹೋದ.

ನಮ್ಮ ಕೇಸು ಕೂಗಿದರು. ಹಿರಿಯರು ಆ ದಿನ ನಿಜಕ್ಕೂ ಗಂಗಾವತಿಯಲ್ಲಿದ್ದರು. ನಾನು ಎದ್ದೆ, ಕೋಟು ಸರಿ ಮಾಡಿಕೊಂಡೆ, ಅವ್ವನಿಗೆ ಕೇಳಿಸಲೆಂದು ಸ್ವಲ್ಪ ಜೋರಾಗಿಯೇ ಆ ವಾಕ್ಯ ಹೇಳಿದೆ. ನ್ಯಾಯಾಧೀಶ ಸಾಹೇಬರು ಕೇಸನ್ನು ಮುಂದಿನ ತಿಂಗಳಿಗೆ ಹಾಕಿದರು. ಅಜ್ಜ ಎದ್ದು, ಹೆಗಲ ಮೇಲಿನ ವಸ್ತ್ರ ಕೊಡವಿ, ಅವ್ವನಿಗೆ ಕೈಮುಗಿದು ಹೊರಟ.

ಅವ್ವನನ್ನು ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ತಡೆಯಲಾರದೆ ನಾನೇ ಕೇಳಿದೆ, "ಹ್ಯಾಂಗ ಮಾತಾಡಿದೆ ಅವ್ವ?"

"ಛಲೋ ಮಾತಾಡಿದಿ. ನೀ ಕೇಳಿದಿ, ಅವರು ತಟ್ನ ಕೊಟ್ರು. ನಿಮ್ಮಪ್ಪನ ಎದುರಿನ ವಕೀಲನೂ ಹಿಂಗ ಛಲೋ ಮಾತಾಡ್ತಿದ್ದ." ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನೋಡಿದಳು. "ಆ ಅಜ್ಜ ನಾಕು ಸಲ ಬಂದಾನಂತ. ಮುಂದಿನ ಸಲ ಏನರ ಬ್ಯಾರೆ ಕೇಳು."

ಮೊದಲ ಪ್ರಶ್ನೆ

ಆ ವಾರವಿಡೀ ನನಗೆ ಅನ್ನ ರುಚಿಸಲಿಲ್ಲ. ಕಡೆಗೆ ಹಿರಿಯರ ಮುಂದೆ ನಿಂತು, "ದಾರಿ ಕೇಸಿನ ಪಾಟೀಸವಾಲು ನಾ ಮಾಡ್ತೀನ್ರಿ" ಅಂದೆ. ಅವರು ಗುಮಾಸ್ತನ ಮುಖ ನೋಡಿದರು. ಗುಮಾಸ್ತ ನನ್ನ ಮುಖ ನೋಡಿದ. "ಮಾಡ್ಲಿ ಬಿಡ್ರಿ, ಫೈಲ್ ಹೊಲಿಯೂದು ಛಲೋ ಕಲ್ತಾರ" ಅಂದ.

ನಲವತ್ತು ಪ್ರಶ್ನೆ ಬರೆದೆ. ಗುಮಾಸ್ತ ಅವನ್ನು ಓದಿ ಮೂವತ್ಮೂರನ್ನು ಹೊಡೆದುಹಾಕಿದ. "ಇವು ನೀವು ಓದೀರಿ ಅಂತ ತೋರ್ಸಾಕ ಅದಾವ್ರಿ. ಕೇಸಿಗೆ ಏಳು ಸಾಕು."

ತಾರೀಖಿನ ದಿನ ನಮ್ಮ ಕೇಸು ಕೂಗಿದಾಗ ಸಾಹೇಬರು ತಲೆ ಎತ್ತದೆ, ಪೆನ್ನು ಹಿಡಿದುಕೊಂಡೇ, "ಮುಂದಿನ ತಾರೀಖು ಯಾವಾಗ ಬೇಕು?" ಎಂದು ಕೇಳಿದರು.

"ಪಾಟೀಸವಾಲಿಗೆ ಸಿದ್ಧ ಇದ್ದೇನೆ ಸ್ವಾಮಿ."

ಸಾಹೇಬರು ತಲೆ ಎತ್ತಿದರು. ಎದ್ದು ಹೊರಟಿದ್ದ ಎದುರು ವಕೀಲರು ತಿರುಗಿ ಬಂದು ಕೂತರು. ಅಜ್ಜ ಕಟಕಟೆ ಹತ್ತಿ ಪ್ರಮಾಣ ಮಾಡಿದ. ನಾನು ಚೀಟಿ ನೋಡಿದೆ. ಏಳು ಪ್ರಶ್ನೆಗಳಲ್ಲಿ ಒಂದೂ ಕಣ್ಣಿಗೆ ಕಾಣಲೊಲ್ಲದು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆಗ ಅದರಿಂದ ಹೊರಬಿದ್ದದ್ದು ಇದು:

"ಅಜ್ಜಾರ, ಮುಂಜಾನಿ ಏನರ ತಿಂದ್ ಬಂದೀರಿಲ್ಲೋ?"

"ತಿಂದೀನ್ರಿ" ಅಂದ ಅಜ್ಜ. "ನಿಮ್ಮವ್ವಾರು ಇವತ್ತ ಬಂದಿಲ್ಲೇನ್ರಿ?" ಅವ್ವ ಅವನಿಗೆ ಎಲ್ಲ ಹೇಳಿದ್ದಳೆಂದು ಕಾಣುತ್ತದೆ.

ಇಡೀ ಕೋರ್ಟು ನಕ್ಕಿತು. ಬೆರಳಚ್ಚು ಮಾಡುವವ ಕೈ ನಿಲ್ಲಿಸಿ, "ಸಾಹೇಬ್ರ, ಇದನ್ನೂ ಟೈಪ್ ಹೊಡೀಲೇನ್ರಿ?" ಅಂದ. ಸಾಹೇಬರು ತುಟಿ ಬಿಗಿಹಿಡಿದು, "ಸಾಕ್ಷಿದಾರರು ಪ್ರಶ್ನೆ ಕೇಳುವ ಹಾಗಿಲ್ಲ. ವಕೀಲರೇ, ಮುಂದುವರಿಸಿ" ಅಂದರು. ಆ ನಗುವಿನಲ್ಲಿ ಚೀಟಿಯ ಅಕ್ಷರಗಳು ನನ್ನ ಕಣ್ಣಿಗೆ ಕಾಣತೊಡಗಿದವು. ಏಳೂ ಪ್ರಶ್ನೆ ಕೇಳಿದೆ, ಅಜ್ಜ ಏಳಕ್ಕೂ ಇದ್ದದ್ದು ಇದ್ದಂತೆ ಹೇಳಿದ. ಊಟದ ವೇಳೆಗೆ ಅವನ ಸಾಕ್ಷಿ ಮುಗಿಯಿತೆಂದು ಸಾಹೇಬರು ಬರೆಸಿದರು.

ಆದರೆ ಅಜ್ಜ ಕಟಕಟೆ ಬಿಟ್ಟು ಇಳಿಯಲೊಲ್ಲ.

"ಇಳೀರಿ ಅಜ್ಜಾರ, ನಿಮ್ದು ಮುಗೀತು" ಅಂದ ಜವಾನ.

"ತಾರೀಖು ಹೇಳ್ರಿ, ಇಳೀತೀನಿ."

"ತಾರೀಖಿಲ್ರಿ. ಇನ್ನ ನೀವು ಬರೂದು ಬ್ಯಾಡ."

ಅಜ್ಜ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಾಹೇಬರ ಕಡೆ ತಿರುಗಿದ. "ಇಷ್ಟು ದಿನ ಬಂದಾಗೊಮ್ಮೆ ಕೊಟ್ಟೀರಿ. ಇವತ್ತ ನಾ ಏನ್ ತಪ್ಪು ಮಾಡೀನಂತ ಕೊಡೂದಿಲ್ರಿ?"

ಸಂಜೆ ಊರಿಗೆ ಹೋಗಿ, ಮೊದಲ ಪ್ರಶ್ನೆಯೊಂದನ್ನು ಬಿಟ್ಟು, ಅವ್ವನಿಗೆ ಇದೆಲ್ಲ ಹೇಳಿದೆ. ತಾರೀಖಿನ ಮಾತಿಗೆ ಅವಳು ರೊಟ್ಟಿ ಬಡಿಯುವುದನ್ನು ಬಿಟ್ಟು ನಕ್ಕಳು. ಆಮೇಲೆ ಕೇಳಿದಳು, "ಅದಿರ್ಲಿ, ನೀ ಮೊದಲ ಏನ್ ಕೇಳಿದಿ?"

ನಾಚಿಕೆಯಿಂದಲೇ ಹೇಳಿದೆ, "ಮುಂಜಾನಿ ಏನರ ತಿಂದೀರಿಲ್ಲೋ ಅಂತ."

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಹದಿನೆಂಟು ವರ್ಷದಾಗ ನಿಮ್ಮಪ್ಪನ್ನ ಅಲ್ಲಿ ಯಾರೂ ಇದೊಂದು ಕೇಳಿದ್ದಿಲ್ಲ ನೋಡು" ಅಂದಳು.