ಕೈಪಟ್ಟಿಯ ತೀರ್ಪು

ಹೆಂಡತಿ: ಬುಟ್ಟಿ ಹೊತ್ತವಳು ನಾನು. ಮೂರು ಮಹಡಿ ಹತ್ತಿದವಳು ನಾನು. ಈ ಕೈಪಟ್ಟಿ ಪ್ರಕಾರ ಶಕ್ತಿ ಸುಟ್ಟವರು ಮಾತ್ರ ನೀವು. ಇದು ಯಾವ ನ್ಯಾಯ ರೀ?

ಗಂಡ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಹೆಂಡತಿ: ನಾನು ಕುಣಿಯೋಕೆ ಹೋಗಿರಲಿಲ್ಲ. ಹಲ್ಲಿನ ಡಾಕ್ಟರ ಮನೆಗೆ ಪರದೆ ಕೊಡೋಕೆ ಹೋಗಿದ್ದೆ.

ಕಟ್ಟಡದ ಕೆಳಗಿನ ಇಸ್ತ್ರಿ ಅಂಗಡಿ ಇವರಿಬ್ಬರದು. ಗಂಡ ಮೇಜಿನ ಮುಂದೆ ನಿಂತು ಬಟ್ಟೆ ಉಜ್ಜುತ್ತಾನೆ. ಹೆಂಡತಿ ಮಡಿಸಿದ್ದನ್ನು ಬುಟ್ಟಿಯಲ್ಲಿಟ್ಟು ಮೇಲಿನ ಮನೆಗಳಿಗೂ ಎದುರು ಕಟ್ಟಡದ ಮನೆಗಳಿಗೂ ಕೊಟ್ಟು, ಸುಕ್ಕಾದದ್ದನ್ನು ತುಂಬಿಕೊಂಡು ಇಳಿಯುತ್ತಾಳೆ. ಕಟ್ಟಡಕ್ಕೆ ಲಿಫ್ಟ್ ಇಲ್ಲ. ಅವಳ ಮೊಣಕಾಲು ಹಿಡಿದುಕೊಂಡು ಬಹಳ ಕಾಲವಾಗಿತ್ತು. ಬುಟ್ಟಿಯನ್ನು ನೀವು ಹೊರಿ ಎಂದು ಅವಳು ಕೇಳಿದ್ದಳು. ಗಂಡನಿಗೆ ಅನ್ಯಾಯ ಮಾಡುವ ಮನಸ್ಸಿರಲಿಲ್ಲ. ಮೆಟ್ಟಿಲು ಹತ್ತುವ ಮನಸ್ಸೂ ಇರಲಿಲ್ಲ.

ಅಷ್ಟರಲ್ಲಿ ಅವನ ತಂಗಿಯ ಮಗಳು ಬಂದಳು. ವ್ಯಾಯಾಮ ಕಾಲೇಜಿನಲ್ಲಿ ಓದುವ ಹುಡುಗಿ. ದುಡಿಯುವವರು ದಿನಕ್ಕೆ ಎಷ್ಟು ಶಕ್ತಿ ಸುಡುತ್ತಾರೆ ಎಂದು ಅಳೆಯಲು ಇಬ್ಬರ ಮಣಿಕಟ್ಟಿಗೂ ಗಡಿಯಾರದಂಥ ಒಂದೊಂದು ಯಂತ್ರದ ಪಟ್ಟಿ ಕಟ್ಟಿ ಹೋದಳು. ಗಂಡ ಕೂಡಲೇ ಕರಾರು ಹಾಕಿದ: ಯಾರ ಪಟ್ಟಿ ಕಡಿಮೆ ತೋರಿಸುತ್ತದೋ ಅವರ ಕೆಲಸ ಹಗುರ, ಹಗುರ ಕೆಲಸದವರು ಇನ್ನೊಮ್ಮೆ ಮೊಣಕಾಲಿನ ಮಾತೆತ್ತಬಾರದು. ಹುಡುಗಿ ಪಟ್ಟಿಗಳನ್ನು ಬಿಚ್ಚಿಕೊಳ್ಳಲು ಬರುವ ದಿನ ಇಂದೇ.

ಹೆಂಡತಿ: ಆ ಹುಡುಗೀನೇ ಹೇಳಿದ್ದಳಲ್ಲ, ‘ಮಾವ, ಇದು ಕೈ ಅಲ್ಲಾಡಿದ್ದನ್ನ ಅಳೆಯುತ್ತೆ, ಹೊತ್ತ ಭಾರ ಇದಕ್ಕೆ ಗೊತ್ತಾಗಲ್ಲ’ ಅಂತ.

ಗಂಡ: ಅದು ಅವಳು ವಿನಯಕ್ಕೆ ಹೇಳಿದ್ದು. ಓದಿದ ಮಕ್ಕಳು ಹಾಗೇ.

ಹೆಂಡತಿ: ನಾನು ಬುಟ್ಟೀನ ಎರಡು ಕೈಲೂ ತಬ್ಬಿಕೊಂಡು ಹತ್ತುತೀನಿ. ಕೈ ಬೀಸಿದ್ರೆ ಬಟ್ಟೆ ಎಲ್ಲ ಮೆಟ್ಟಿಲ ಮೇಲಿರುತ್ತೆ. ನಾನು ಏದುಸಿರು ಬಿಡ್ತಿದ್ದ ಹೊತ್ತನ್ನ ಇದು ವಿಶ್ರಾಂತಿ ಅಂತ ತೋರಿಸುತ್ತೆ.

ಗಂಡ: ಯಂತ್ರಕ್ಕೆ ಅತ್ತೆಮನೆ ಇಲ್ಲ, ತವರುಮನೆ ಇಲ್ಲ. ಅದು ಯಾಕೆ ಸುಳ್ಳು ಹೇಳುತ್ತೆ?

ಹೆಂಡತಿ: ನಿನ್ನೆ ಗೋಡೆಗೆ ಒರಗಿ ಕೂತು ಸೊಳ್ಳೆ ಹೊಡೆದಿರಿ. ಅದಕ್ಕೂ ನಿಮ್ಮ ಪಟ್ಟಿ ಶಭಾಷ್ ಅಂತು.

ಗಂಡ: ಸೊಳ್ಳೆ ತಾನಾಗೇ ಸಾಯುತ್ತಾ? ಹೊಡೀಬೇಕು.

ಹೆಂಡತಿ: ಒಂದಾದ್ರೂ ಸತ್ತಿತ್ತಾ?

ಗಂಡ: ಫಲ ಬೇರೆ, ಶ್ರಮ ಬೇರೆ. ಪಟ್ಟಿ ಶ್ರಮ ನೋಡುತ್ತೆ ಕಣೇ.

ಹೆಂಡತಿ: ಮೊದಲು ಆ ಕೈ ಕೆಳಗಿಳಿಸಿ. ಜಗಳ ಆಡೋದೂ ನಿಮ್ಮ ಲೆಕ್ಕಕ್ಕೇ ಸೇರ್ತಿದೆ.

ಗಂಡ ಇನ್ನೂ ಅಗಲವಾಗಿ ಕೈಯಾಡಿಸಿ ಪಟ್ಟಿ ನೋಡಿಕೊಂಡ. ಮುಖದಲ್ಲಿ ತೃಪ್ತಿ ಕಂಡಿತು. ಆಗ ಮೂರನೇ ಮಹಡಿಯ ಗುಮಾಸ್ತ ಇಳಿದು ಬಂದ. ಬನಿಯನ್ನಿನ ಮೇಲೆ ಕೋಟು ತೊಟ್ಟು ಕುತ್ತಿಗೆಯವರೆಗೂ ಗುಂಡಿ ಬಿಗಿದಿದ್ದ. ಅವನ ಅಂಗಿಗಳೆಲ್ಲ ಈ ಅಂಗಡಿಯಲ್ಲಿದ್ದವು.

ಗುಮಾಸ್ತ: ಅಣ್ಣಾ, ನನ್ನ ಬಿಳಿ ಅಂಗಿ ಆಯ್ತಾ? ಇವತ್ತು ನಮ್ಮ ಸಾಹೇಬರ ಬೀಳ್ಕೊಡುಗೆ. ಭಾಷಣ ನಂದು.

ಗಂಡ: ಇದೇ ನೋಡಿ ಸಾರ್, ನಿಮ್ಮದೇ. ಬೆಳಗ್ಗೆಯಿಂದ ಇದನ್ನೇ ಉಜ್ಜುತಾ ಇದ್ದೀನಿ.

ಗುಮಾಸ್ತ: ಬೆಳಗ್ಗೆಯಿಂದಲಾ? ಕಾಲರ್ ಇನ್ನೂ ಎಮ್ಮೆ ಮೆದ್ದ ಹಾಗಿದೆ.

ಗಂಡ: ನಿಧಾನಕ್ಕೆ ಕೂರುತ್ತೆ.

ಗುಮಾಸ್ತ ಅನುಮಾನದಿಂದ ಬೆರಳ ತುದಿಯನ್ನು ಇಸ್ತ್ರಿಪೆಟ್ಟಿಗೆಗೆ ಮುಟ್ಟಿಸಿ, ಆಮೇಲೆ ಇಡೀ ಅಂಗೈಯನ್ನೇ ಅದರ ಮೇಲೆ ಊರಿದ.

ಗುಮಾಸ್ತ: ಅಣ್ಣಾ, ಪೆಟ್ಟಿಗೆ ತಣ್ಣಗಿದೆ.

ಹೆಂಡತಿ: ಏನು?

ಗುಮಾಸ್ತ: ವಯರು ಗೋಡೆಗೆ ಹಾಕೇ ಇಲ್ಲ ಅಕ್ಕಾ.

ಗಂಡ: ಬಿಸಿ ಪೆಟ್ಟಿಗೆ ಆದ್ರೆ ಎರಡು ಸಲ ಎಳೆದ್ರೆ ಮುಗೀತು, ಕೈ ನಿಂತುಹೋಗುತ್ತೆ. ತಣ್ಣಗಿದ್ರೆ ಎಷ್ಟು ಉಜ್ಜಿದ್ರೂ ಬಟ್ಟೆ ಸುಡಲ್ಲ. ಹುಡುಗಿ ಬರೋ ದಿನ ಸ್ವಲ್ಪ ಮುತುವರ್ಜಿ ಬೇಡವಾ?

ಗುಮಾಸ್ತ: ಗಾಳಿ ಗುದ್ದಿ ಮೈ ನೋಯಿಸಿಕೊಳ್ಳೋದು ಅಂದ್ರೆ ಇದೇ.

ಗಂಡ: ನೋಯ್ತು ಅಂತ ನೀವೇ ಒಪ್ಪಿದಿರಿ. ನಾನು ಹೇಳ್ತಿರೋದೂ ಅದನ್ನೇ. ಇದು ಭಾರದ ಕೆಲಸ ಸಾರ್. ನನಗೆ ಬೇರೆ ಬಿ.ಪಿ. ಇದೆ. ಭಾರದ ಕೆಲಸ ಕೂಡದು ಅಂತ ಡಾಕ್ಟರು ಹೇಳಿದಾರೆ. ಆದ್ರೂ ಸಂಸಾರಕ್ಕೋಸ್ಕರ ಉಜ್ಜುತೀನಿ.

ಹೆಂಡತಿ ಜಗಳಕ್ಕೆಂದು ತೆರೆದ ಬಾಯಿಯನ್ನು ಮುಚ್ಚಿದಳು. ಪೆಟ್ಟಿಗೆಯನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು. ನಂತರ ಬಂದ ಧ್ವನಿ ಜೇನಿನಂತಿತ್ತು. ಮದುವೆಯಾದ ಮೇಲೆ ಆ ಧ್ವನಿಯನ್ನು ಗಂಡ ಹೆಚ್ಚು ಸಲ ಕೇಳಿರಲಿಲ್ಲ, ಕೇಳಿದಾಗಲೆಲ್ಲ ಅವನಿಗೆ ಒಳ್ಳೆಯದಾಗಿರಲಿಲ್ಲ.

ಹೆಂಡತಿ: ನೀವೇ ಗೆದ್ದಿರಿ.

ಗಂಡ: ಅಂದ್ರೆ?

ಹೆಂಡತಿ: ಸೋತೆ ಅಂದೆ. ಇಸ್ತ್ರೀನೇ ಭಾರದ ಕೆಲಸ, ಬುಟ್ಟಿ ಹಗುರ. ಯಂತ್ರ ಸುಳ್ಳು ಹೇಳಲ್ಲ.

ಗಂಡ: ಕೇಳಿಸಿಕೊಂಡ್ರಾ ಸಾರ್? ನೀವೇ ಸಾಕ್ಷಿ.

ಗುಮಾಸ್ತ: ಸಾಕ್ಷಿ ಆಗ್ತೀನಿ, ಅಂಗಿ ಕೊಡಿ.

ಹೆಂಡತಿ: ಇಷ್ಟು ದಿನ ನಾನು ಕುರುಡಿ ಆಗಿದ್ದೆ. ಬಿ.ಪಿ. ಇರೋ ಗಂಡನ ಕೈಲಿ ಭಾರದ ಕೆಲಸ ಮಾಡಿಸಿ, ನಾನು ಹಗುರದ್ದು ಇಟ್ಟುಕೊಂಡಿದ್ದೀನಿ. ಜನ ಏನಂದುಕೊಂಡಾರು? ಪಕ್ಕಕ್ಕೆ ಸರಿಯಿರಿ ರೀ, ಇನ್ನು ಇಸ್ತ್ರಿ ನಂದು. ಬುಟ್ಟಿ ನಿಮ್ಮದು.

ಅವಳಾಗಲೇ ವಯರನ್ನು ಗೋಡೆಗೆ ಸಿಕ್ಕಿಸಿದ್ದಳು. ಗಂಡ ಒಮ್ಮೆ ತನ್ನ ಪಟ್ಟಿಯನ್ನು, ಒಮ್ಮೆ ಮೆಟ್ಟಿಲನ್ನು ನೋಡಿದ.

ಗಂಡ: ಅಲ್ವೇ, ಯಂತ್ರಾನ ಅಷ್ಟೊಂದು ನಂಬೋಕೂ ಆಗಲ್ಲ.

ಹೆಂಡತಿ: ಅದಕ್ಕೆ ಅತ್ತೆಮನೆ ಇಲ್ಲ, ತವರುಮನೆ ಇಲ್ಲ.

ಗಂಡ: ಹುಡುಗಿ ಹೇಳಿದ್ದಳಲ್ಲ, ಭಾರ ಅದಕ್ಕೆ ಗೊತ್ತಾಗಲ್ಲ ಅಂತ.

ಹೆಂಡತಿ: ವಿನಯಕ್ಕೆ ಹೇಳಿದ್ದು.

ಗಂಡ: ಸಾರ್, ನೀವಾದ್ರೂ ಹೇಳಿ.

ಗುಮಾಸ್ತ: ನಾನು ಬರೀ ಸಾಕ್ಷಿ ಅಣ್ಣಾ. ತೀರ್ಪು ಹೇಳೋದು ಪಟ್ಟಿ.

ಗಂಡ: ನಿನಗೆ ಇಸ್ತ್ರಿ ಬರಲ್ಲ ಕಣೇ.

ಹೆಂಡತಿ ಅಂಗಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ನೀರು ಚಿಮುಕಿಸಿ, ಕಾಲರಿನ ಮೇಲೆ ಒಮ್ಮೆ, ಬೆನ್ನಿನ ಮೇಲೆ ಒಮ್ಮೆ, ತೋಳುಗಳ ಮೇಲೆ ಒಂದೊಂದು ಸಲ ಬಿಸಿ ಪೆಟ್ಟಿಗೆಯನ್ನು ಎಳೆದು ಅಂಗಿಯನ್ನು ಗುಮಾಸ್ತನ ಕೈಗಿಟ್ಟಳು. ಗುಮಾಸ್ತ ಅಂಗಡಿಯ ಮೂಲೆಯ ಪರದೆಯ ಹಿಂದೆ ಹೋಗಿ ಬದಲಾಯಿಸಿಕೊಂಡು ಹೊರಬರುವಷ್ಟರಲ್ಲಿ ಗಂಡ ಬುಟ್ಟಿಯನ್ನು ತಬ್ಬಿ ಮೊದಲನೇ ಮಹಡಿ ದಾಟಿದ್ದ. ಮೇಲಿನಿಂದ ಮೊದಲು ಹೆಜ್ಜೆಗಳ ಸದ್ದು, ಆಮೇಲೆ ಬುಟ್ಟಿ ಇಳಿಸಿದ ಸದ್ದು, ಆಮೇಲೆ ಯಾವ ಸದ್ದೂ ಇಲ್ಲ.

ಗುಮಾಸ್ತ: ಅಕ್ಕಾ, ಸದ್ದೇ ನಿಂತುಹೋಯ್ತಲ್ಲ.

ಹೆಂಡತಿ: ಹಗುರದ ಕೆಲಸ ಸಾರ್. ಸದ್ದಾಗಲ್ಲ.

ಗುಮಾಸ್ತ ಮನಸ್ಸಿನಲ್ಲೇ ಭಾಷಣ ಒಪ್ಪಿಸಿ ಮುಗಿಸಿದ. ಗಂಡ ಕೊನೆಗೂ ಇಳಿದು ಬಂದ. ಎಲ್ಲ ಮನೆಯವರೂ ಅವನನ್ನು ಕಂಡ ಸಂತೋಷಕ್ಕೆ ಕಂಬಳಿಗಳನ್ನೇ ತುಂಬಿ ಕೊಟ್ಟಿದ್ದರು. ಬುಟ್ಟಿಯ ಹಿಂದೆ ಅವನ ಮುಖ ಕಾಣುತ್ತಿರಲಿಲ್ಲ. ಉಸಿರು ಮಾತ್ರ ಕಮ್ಮಾರನ ತಿದಿಯಂತೆ ಕೇಳುತ್ತಿತ್ತು. ಅವನು ಗೋಡೆಗೆ ಆತುಕೊಂಡು ನಿಂತ. ಅಷ್ಟರಲ್ಲಿ ಮಣಿಕಟ್ಟಿನ ಪಟ್ಟಿ ಗುರ್ರೆಂದಿತು.

ಗಂಡ: ಸಾರ್... ಏನಂತೆ... ಓದಿ... ಎಷ್ಟು ಸುಟ್ಟೆ...

ಗುಮಾಸ್ತ ಬಾಗಿ ಕನ್ನಡಕ ಸರಿಮಾಡಿಕೊಂಡು, ಸಂಜೆಯ ಭಾಷಣಕ್ಕೆಂದು ಎತ್ತಿಟ್ಟಿದ್ದ ಧ್ವನಿಯಲ್ಲಿ ಓದಿದ.

ಗುಮಾಸ್ತ: ‘ನೀವು ಬಹಳ ಹೊತ್ತಿನಿಂದ ಕುಳಿತೇ ಇದ್ದೀರಿ. ದಯವಿಟ್ಟು ಎದ್ದು ಸ್ವಲ್ಪ ಓಡಾಡಿ.’

ಹೆಂಡತಿ: ಪಾಪ, ಕೂತು ಕೂತು ಕಾಲು ಜೋಮು ಹಿಡಿದಿರಬೇಕು. ಸಾರ್, ಒಂಚೂರು ದಾರಿ ಬಿಡಿ, ಎದುರು ಕಟ್ಟಡದ ಬುಟ್ಟೀನೂ ಹೋಗಬೇಕು.